ಇಂಗ್ಲಿಷ್ ವ್ಯಾಕರಣಕ್ಕೆ ನಮ್ಮ ಮಾತಿನ ದಾರಿ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಘಟಕರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಮುಖ್ಯಗುರುಗಳ ಅಪ್ಪಣೆ ಪಡೆದು ಅದನ್ನು ಬದಲಿಸಿಕೊಂಡಿದ್ದೇನೆ. ಉದ್ಯೋಗದ ಬಗ್ಗೆ ಎಲ್ಲಿ ಮಾತಾಡಿದರೂ ಕಡೆಗೆ ಹುಡುಗರು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: “ಅಣ್ಣ, ಇಂಗ್ಲಿಷ್ ಬರಂಗಿಲ್ಲ, ಹ್ಯಾಂಗ ಮಾಡೋದು?” ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ ಅನಿಸಿತು. ಅದರಲ್ಲೂ ಮಕ್ಕಳು ಹೆಚ್ಚು ಹೆದರುವ ಭಾಗ, ಅಂದರೆ ‘ಪಾರ್ಟ್ಸ್ ಆಫ್ ಸ್ಪೀಚ್’ ಮತ್ತು ಮೂಲ ವ್ಯಾಕರಣ. ಸಮಾರಂಭದ ಪೆಂಡಾಲಿನಲ್ಲಿ ವ್ಯಾಕರಣದ ಪಾಠವೇ ಎಂದು ಹಿರಿಯರು ನಗಬಹುದು. ಇಪ್ಪತ್ತು ನಿಮಿಷ ಸಹಿಸಿಕೊಳ್ಳಿ.

ನಮ್ಮ ಕಡೆ ಇಂಗ್ಲಿಷ್ ಎನ್ನುವುದು ಆರು ಪತ್ರಿಕೆಗಳಲ್ಲಿ ಒಂದು ಪತ್ರಿಕೆಯಷ್ಟೇ ಅಲ್ಲ. ನಮ್ಮ ಕಾಕನ ಮಗನೊಬ್ಬನಿದ್ದಾನೆ. ಲೆಕ್ಕದಲ್ಲಿ ನನಗಿಂತ ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದ. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಮನೆಮಂದಿಯೆಲ್ಲ ಗುಳೆ ಹೊರಟಾಗ ಅವನೂ ಹೋದ. ಪೂರಕ ಪರೀಕ್ಷೆಗೆ ಕಟ್ಟಲೇ ಇಲ್ಲ. ಈಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಮೇಸ್ತ್ರಿಯಾಗಿದ್ದಾನೆ, ಮರ್ಯಾದೆಯಿಂದ ದುಡಿಯುತ್ತಾನೆ. ಅದರಲ್ಲಿ ಕೀಳೇನೂ ಇಲ್ಲ. ಆದರೆ ಅವನ ಮುಂದಿದ್ದ ದಾರಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಮುಚ್ಚಿದ್ದು ಒಂದೇ ವಿಷಯದಿಂದ. ಇಂಥವರು ಈ ಪೆಂಡಾಲಿನ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ರಾಜ್ಯಕ್ಕೇ ಕೊನೆಯ ಜಿಲ್ಲೆಯಾಗಿತ್ತು. ಪೇಪರಿನಲ್ಲಿ ಅದು ಒಂದು ಸಾಲಿನ ಸುದ್ದಿ, ನಮಗೆ ಅದು ಹೆಸರು ಹಿಡಿದು ಕರೆಯಬಹುದಾದ ಹುಡುಗರು.

ನಮ್ಮ ಕಾಲದಲ್ಲಿ ಕನ್ನಡ ಮಾಧ್ಯಮದವರಿಗೆ ಎಬಿಸಿಡಿ ಶುರುವಾಗುತ್ತಿದ್ದದ್ದು ಐದನೆಯ ತರಗತಿಯಲ್ಲಿ. 2007-08ರಿಂದ ಸರ್ಕಾರ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ಅಂದರೆ ಈಗಿನ ಮಕ್ಕಳಿಗೆ ನಮಗಿಂತ ನಾಲ್ಕು ವರ್ಷ ಹೆಚ್ಚು ಸಿಕ್ಕಿದೆ. ಆದರೂ ಇವತ್ತು ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಹೋಗಿದ್ದಾಗ ನಾನು ಕಂಡದ್ದು ಹಳೆಯ ಚಿತ್ರವೇ. ನೌನ್ ಎಂದರೇನು ಎಂದು ಕೇಳಿದೆ. ಇಡೀ ತರಗತಿ ಒಂದೇ ರಾಗದಲ್ಲಿ ವ್ಯಾಖ್ಯೆ ಹೇಳಿತು, ಒಂದಕ್ಷರ ತಪ್ಪಿಲ್ಲ. ಬೋರ್ಡಿನ ಮೇಲೆ ಒಂದು ಸಾದಾ ವಾಕ್ಯ ಬರೆದು ಇದರಲ್ಲಿ ನೌನ್ ಯಾವುದು ಅಂದೆ. ಎಲ್ಲರೂ ಗಪ್‌ಚಿಪ್. ಇದು ಮಕ್ಕಳ ತಪ್ಪಲ್ಲ, ಗುರುಗಳ ತಪ್ಪೂ ಅಲ್ಲ. ವ್ಯಾಖ್ಯೆ ಇಂಗ್ಲಿಷಿನಲ್ಲಿದೆ, ಅದು ವಿವರಿಸುವ ವಸ್ತುವೂ ಇಂಗ್ಲಿಷಿನಲ್ಲಿದೆ. ಕತ್ತಲೆಯನ್ನು ಕತ್ತಲೆಯಿಂದ ಹುಡುಕಿದ ಹಾಗೆ.

ನನ್ನ ಮಾತು ಇಷ್ಟೇ: ವ್ಯಾಕರಣ ನಿಮಗೆ ಆಗಲೇ ಬರುತ್ತದೆ. ಕನ್ನಡದ್ದು ಬರುತ್ತದೆ. ಅದನ್ನು ಹಿಡಿದುಕೊಂಡೇ ಇಂಗ್ಲಿಷಿನ ಕಡೆ ನಡೆಯಬಹುದು. ಎಲ್ಲೆಲ್ಲಿ ಎರಡೂ ಒಂದೇ, ಎಲ್ಲೆಲ್ಲಿ ದಾರಿ ಬೇರೆಯಾಗುತ್ತದೆ ಎಂಬುದು ಗೊತ್ತಾದರೆ ಸಾಕು.

ಮೊದಲು ಈ ಎಂಟು ಪದವರ್ಗಗಳ ಬಗ್ಗೆ. ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಈ ಎಂಟು ಇಂಗ್ಲಿಷರ ಸ್ವಂತ ಆಸ್ತಿ ಎಂದುಕೊಂಡು ನಾವು ಹೆದರುತ್ತೇವೆ. ನಿಜ ನೋಡಿದರೆ ಇದು ಅವರು ತಂದ ಸಾಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಭಾಷೆಗೆ ಡಯೊನಿಸಿಯಸ್ ಥ್ರಾಕ್ಸ್ ಎಂಬ ಪಂಡಿತನ ಹೆಸರಿನಲ್ಲಿರುವ ವ್ಯಾಕರಣ ಎಂಟು ಭಾಗ ಮಾಡಿತ್ತು. ಅದನ್ನು ಲ್ಯಾಟಿನ್‌ನವರು ತಮಗೆ ಬೇಕಾದಂತೆ ತಿದ್ದಿಕೊಂಡರು, ಲ್ಯಾಟಿನ್‌ನಿಂದ ಇಂಗ್ಲಿಷಿನವರು ತಮ್ಮ ಭಾಷೆಗೆ ಹೊಲಿಸಿಕೊಂಡರು. ನಮ್ಮಲ್ಲಿ ಯಾಸ್ಕ ತನ್ನ ನಿರುಕ್ತದಲ್ಲಿ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕೇ ಮಾಡಿದ. ಕನ್ನಡಕ್ಕೆ ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಅದರ ಎಂಟು ಪ್ರಕರಣಗಳಲ್ಲಿ ನಾಮ, ಆಖ್ಯಾತ, ಅವ್ಯಯ ಇವೆ. ನಾಮವೆಂದರೆ ನೌನ್ ಬಳಗ, ಆಖ್ಯಾತವೆಂದರೆ ವರ್ಬ್ ಬಳಗ, ಅವ್ಯಯದಲ್ಲಿ ರೂಪ ಬದಲಿಸದ ಚಿಕ್ಕಪುಟ್ಟ ಪದಗಳು. ನಮ್ಮಿಂದ ಬಹಳ ದೂರವಲ್ಲದ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲೇ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡವನ್ನು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂದು ನಮ್ಮ ಸೀಮೆಯವರು ಯೋಚನೆ ಮಾಡಿ ಸಾವಿರ ವರ್ಷ ದಾಟಿದೆ. ಹಾಗಾಗಿ ವ್ಯಾಕರಣ ಎಂದ ಕೂಡಲೇ ತಲೆ ತಗ್ಗಿಸುವ ಅಗತ್ಯ ನಮಗಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಒಂದು ಪದ ನೌನೋ ವರ್ಬೋ ಎಂಬುದು ಅದರ ಮೈಮೇಲೆ ಬರೆದಿರುವುದಿಲ್ಲ. ವಾಕ್ಯದಲ್ಲಿ ಅದು ಮಾಡುವ ಕೆಲಸದಿಂದ ತಿಳಿಯಬೇಕು. ನಮ್ಮೂರಲ್ಲಿ ಒಬ್ಬ ಮನುಷ್ಯ ಬೆಳಿಗ್ಗೆ ಹೊಲದಾಗ ರೈತ, ಸಂಜೆ ಭಜನೆಯಲ್ಲಿ ತಬಲಾ ಬಾರಿಸುವವ, ಮನೆಯಲ್ಲಿ ಅಪ್ಪ. ಮನುಷ್ಯ ಅವನೇ, ಕೆಲಸ ಬೇರೆ. ಕನ್ನಡದಲ್ಲಿ ‘ಬೆಳೆ’ ಎಂಬ ಪದ ನೋಡಿ. ‘ಈ ವರ್ಷ ತೊಗರಿ ಬೆಳೆ ಚಲೋ ಅದ’ ಅಂದಾಗ ಅದು ನಾಮಪದ. ‘ಹತ್ತಿ ಬೆಳೆದೆವು’ ಅಂದಾಗ ಕ್ರಿಯಾಪದ. ‘ಓದು’, ‘ಹಾಡು’, ‘ನಡೆ’, ‘ನುಡಿ’ ಇವೆಲ್ಲ ಹೀಗೆಯೇ ಎರಡೆರಡು ಕೆಲಸ ಮಾಡುತ್ತವೆ. ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಬಸ್ಸು ಹತ್ತುವ ಕ್ರಿಯೆಯೂ ಹೌದು. ಇದರಲ್ಲಿ ಯಾವ ಮಗುವಿಗೂ ಗೊಂದಲವಾಗಿಲ್ಲ.

ಇಂಗ್ಲಿಷಿನಲ್ಲೂ ಅಷ್ಟೇ, ಸ್ವಲ್ಪ ಹೆಚ್ಚೇ. ‘ಲೈಕ್’ ಪದ ತೆಗೆದುಕೊಳ್ಳಿ. ಇದು ಎಲ್ಲರ ಮೊಬೈಲಿನಲ್ಲೂ ಇದೆ. ‘ಐ ಲೈಕ್ ಜೋಳದ ರೊಟ್ಟಿ’ ಅಂದರೆ ವರ್ಬ್. ‘ಫೋಟೋಕ್ಕೆ ಐವತ್ತು ಲೈಕ್ ಬಂದವು’ ಅನ್ನುತ್ತೀರಲ್ಲ, ಅಲ್ಲಿ ಅದು ನೌನ್. ಶಹಾಪುರದ ಬೆಟ್ಟವನ್ನು ನೋಡಿ ‘ದಿ ಹಿಲ್ ಲುಕ್ಸ್ ಲೈಕ್ ಎ ಸ್ಲೀಪಿಂಗ್ ಬುದ್ಧ’ ಎಂದರೆ ಅಲ್ಲಿ ಲೈಕ್ ಪ್ರಿಪೊಸಿಷನ್, ಕನ್ನಡದ ‘ಹಾಗೆ’, ನಮ್ಮ ಬಾಯಲ್ಲಿ ‘ಹಂಗ’. ಮಲಗಿದ ಬುದ್ಧನ ಹಂಗ ಕಾಣ್ತದ. ಒಂದೇ ಪದ, ಮೂರು ಕೆಲಸ. ಪರೀಕ್ಷೆಯಲ್ಲಿ ಗೆರೆ ಎಳೆದ ಪದದ ವರ್ಗ ಕೇಳಿದಾಗ ಪದವನ್ನಷ್ಟೇ ನೋಡಿ ಉತ್ತರ ಬರೆಯಬೇಡಿ. ಅದರ ಅಕ್ಕಪಕ್ಕ ಯಾರಿದ್ದಾರೆ ನೋಡಿ.

ಇದು ಅಂಕದ ಮಾತು ಮಾತ್ರ ಅಲ್ಲ. ಹತ್ತಿಗೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ‘ಶೇಕ್ ವೆಲ್ ಬಿಫೋರ್ ಯೂಸ್’ ಎಂದಿರುತ್ತದೆ. ‘ವೆಲ್’ ಎಂದರೆ ಬಾವಿ ಎಂದು ನಮ್ಮ ಮಕ್ಕಳು ಕಲಿತಿರುತ್ತಾರೆ. ಇಲ್ಲಿ ಬಾವಿ ಎಲ್ಲಿಂದ ಬಂತು? ‘ಶೇಕ್’ ಕ್ರಿಯೆ, ಅಲ್ಲಾಡಿಸು. ಹೇಗೆ ಅಲ್ಲಾಡಿಸು? ಚೆನ್ನಾಗಿ. ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪದ ಅಡ್ವರ್ಬ್. ಅಲ್ಲಿ ‘ವೆಲ್’ ಅಡ್ವರ್ಬ್. ‘ಬಿಫೋರ್’ ಪ್ರಿಪೊಸಿಷನ್, ಮುಂಚೆ. ‘ಯೂಸ್’ ಇಲ್ಲಿ ನೌನ್, ಬಳಕೆ. ಬಳಸುವ ಮುಂಚೆ ಚೆನ್ನಾಗಿ ಅಲ್ಲಾಡಿಸಿ. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಹಲವು ಭಾಷೆಗಳಿರುತ್ತವೆ, ಆದರೆ ಅಕ್ಷರ ಸಾಸಿವೆ ಕಾಳಿನಷ್ಟು. ಅಂಗಡಿಯಿಂದ ಹೊಲಕ್ಕೆ ಬರುವ ದಾರಿಯಲ್ಲೇ ಆ ಚೀಟಿ ಹಾರಿ ಹೋಗಿರುತ್ತದೆ. ಡಬ್ಬಿಯ ಮೇಲೆ ದಪ್ಪವಾಗಿ ಉಳಿಯುವುದು ನಾಲ್ಕು ಇಂಗ್ಲಿಷ್ ಪದ ಮತ್ತು ಬಣ್ಣದ ತ್ರಿಕೋನ. ಕೆಂಪು ತ್ರಿಕೋನವಿದ್ದರೆ ಅತ್ಯಂತ ಘೋರ ವಿಷ, ಹಸಿರಿದ್ದರೆ ಉಳಿದವುಗಳಿಗಿಂತ ಕಡಿಮೆ. ಅಪ್ಪ ಔಷಧ ಹೊಡೆಯಲು ಹೊರಟಾಗ ಒಂಬತ್ತನೆಯ ತರಗತಿಯ ಮಗಳು ಅದನ್ನು ಓದಿ ಹೇಳಿದರೆ ಅದಕ್ಕಿಂತ ದೊಡ್ಡ ವ್ಯಾಕರಣದ ಪರೀಕ್ಷೆ ನನಗೆ ಗೊತ್ತಿಲ್ಲ.

ಇನ್ನು ಎರಡು ಭಾಷೆಗಳ ದಾರಿ ಬೇರೆಯಾಗುವ ಜಾಗಗಳು.

ಮೊದಲನೆಯದು ಪದಗಳ ಸಾಲು. ‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ, ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ ಅರ್ಥ ಒಂದೇ. ಏಕೆಂದರೆ ‘ಅನ್ನು’ ಎಂಬ ಪ್ರತ್ಯಯ ಹುಡುಗನ ಕೊರಳಿಗೆ ಚೀಟಿ ಕಟ್ಟಿದೆ: ಕಚ್ಚಿಸಿಕೊಂಡವನು ಇವನು. ಅವನನ್ನು ಎಲ್ಲಿ ಕೂರಿಸಿದರೂ ಗುರುತು ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಈ ಚೀಟಿ ಇಲ್ಲ. ‘ದಿ ಡಾಗ್ ಬಿಟ್ ದಿ ಬಾಯ್’ ಎಂಬುದನ್ನು ತಿರುಗಿಸಿ ‘ದಿ ಬಾಯ್ ಬಿಟ್ ದಿ ಡಾಗ್’ ಎಂದರೆ ಹುಡುಗನೇ ನಾಯಿಯನ್ನು ಕಚ್ಚಿದ ಹಾಗಾಯಿತು. ಅಲ್ಲಿ ಜಾಗವೇ ಗುರುತು. ಮೊದಲು ಮಾಡಿದವರು, ನಡುವೆ ಕ್ರಿಯೆ, ಆಮೇಲೆ ಮಾಡಿಸಿಕೊಂಡವರು. ಕನ್ನಡದಲ್ಲಿ ಕ್ರಿಯಾಪದ ಮದುವೆ ಮೆರವಣಿಗೆಯ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಎರಡನೆಯದಾಗಿ ಬಂದು ನಿಲ್ಲುತ್ತದೆ. ಇದೊಂದು ಅಭ್ಯಾಸವಾದರೆ ಅರ್ಧ ವ್ಯಾಕರಣ ಬಂದಂತೆ ಎಂದು ನನಗೆ ಅನಿಸುತ್ತದೆ.

ಎರಡನೆಯದು ವಿಭಕ್ತಿ. ‘ಶಹಾಪುರದಿಂದ ಶಿರವಾಳಕ್ಕೆ ಬಸ್ಸಿನಲ್ಲಿ ಬಂದೆ.’ ಇಂದ, ಕ್ಕೆ, ಅಲ್ಲಿ, ಮೂರೂ ಪದದ ಹಿಂದೆ ಅಂಟಿಕೊಂಡಿವೆ. ಇಂಗ್ಲಿಷಿನಲ್ಲಿ ‘ಐ ಕೇಮ್ ಫ್ರಮ್ ಶಹಾಪುರ ಟು ಶಿರವಾಳ ಬೈ ಬಸ್.’ ಫ್ರಮ್, ಟು, ಬೈ, ಮೂರೂ ಪದದ ಮುಂದೆ ಬಿಡಿಯಾಗಿ ನಿಂತಿವೆ. ‘ಪ್ರಿ’ ಎಂದರೆ ಮುಂದೆ, ‘ಪೊಸಿಷನ್’ ಎಂದರೆ ಸ್ಥಾನ, ಹೆಸರಿನಲ್ಲೇ ವಿಳಾಸವಿದೆ. ನಮ್ಮದು ಹಿಂದೆ, ಅವರದು ಮುಂದೆ. ಆದರೆ ಒಂದಕ್ಕೆ ಒಂದು ಎಂದು ಜೋಡಿ ಹಾಕಿ ಬಾಯಿಪಾಠ ಮಾಡಬೇಡಿ, ಅಲ್ಲೇ ಕಾಲು ಜಾರುವುದು. ನಮ್ಮ ‘ಇಂದ’ ಒಂದೇ. ಅವರದು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಊರಿಂದ ಬಂದರೆ ‘ಫ್ರಮ್’, ಚಾಕುವಿನಿಂದ ಕೊಯ್ದರೆ ‘ವಿತ್’, ಸೋಮವಾರದಿಂದ ಜ್ವರ ಬಂದಿದ್ದರೆ ‘ಸಿನ್ಸ್’, ಅಣ್ಣನಿಂದ ಆದ ಕೆಲಸಕ್ಕೆ ‘ಬೈ’. ಹಾಗೆಯೇ ನಮ್ಮ ‘ಅಲ್ಲಿ’, ಅಥವಾ ನಾವು ಮಾತಾಡುವ ‘ಆಗ’: ಮನ್ಯಾಗ ಇದ್ದರೆ ‘ಇನ್’, ಬಸ್‌ಸ್ಟ್ಯಾಂಡಿನಾಗ ಕಾಯುತ್ತಿದ್ದರೆ ‘ಅಟ್’. ಮ್ಯಾಲ ಇದ್ದರೆ ‘ಆನ್’.

ಈ ಸಣ್ಣ ಪದಗಳನ್ನು ಮಕ್ಕಳು ಕಸ ಎಂದು ಬಿಟ್ಟುಬಿಡುತ್ತಾರೆ, ದೊಡ್ಡ ದೊಡ್ಡ ಪದಗಳನ್ನು ಕಲಿಯುತ್ತಾರೆ. ನನ್ನ ಉದ್ಯೋಗದ ಅನುಭವ ಇದಕ್ಕೆ ತಿರುವುಮುರುವು. ದೊಡ್ಡ ಪದದ ಅರ್ಥ ಮೊಬೈಲಿನಲ್ಲಿ ಸಿಗುತ್ತದೆ, ಸಣ್ಣ ಪದ ಕೈಕೊಟ್ಟರೆ ಕೆಲಸವೇ ಕೆಡುತ್ತದೆ. ‘ಅರ್ಜಿ ಐದು ಗಂಟೆಯೊಳಗೆ ತಲುಪಬೇಕು’ ಎಂಬುದಕ್ಕೆ ‘ಬೈ ಫೈವ್’. ‘ಕಚೇರಿ ಐದು ಗಂಟೆಯವರೆಗೆ ತೆರೆದಿರುತ್ತದೆ’ ಎಂಬುದಕ್ಕೆ ‘ಟಿಲ್ ಫೈವ್’. ಒಳಗೆ ಬೇರೆ, ವರೆಗೆ ಬೇರೆ. ಕನ್ನಡದಲ್ಲಿ ನಾವು ಇದನ್ನು ಎಂದೂ ಅದಲುಬದಲು ಮಾಡುವುದಿಲ್ಲ. ನೇಮಕಾತಿ ಪ್ರಕಟಣೆಯಲ್ಲಿ ‘ಡಿಪ್ಲೊಮಾ ಆರ್ ಡಿಗ್ರಿ’ ಎಂದಿದ್ದರೆ ಒಂದಿದ್ದರೆ ಸಾಕು, ‘ಅಂಡ್’ ಎಂದಿದ್ದರೆ ಎರಡೂ ಬೇಕು. ‘ಡು ನಾಟ್ ಪೇ ಅನ್‌ಲೆಸ್ ಯು ಗೆಟ್ ಎ ರಿಸೀಟ್’: ಇದರಲ್ಲಿ ‘ಅನ್‌ಲೆಸ್’ ಎಂಬುದು ನಮ್ಮ ‘ಇಲ್ಲದಿದ್ದರೆ’. ರಸೀದಿ ಕೊಡದಿದ್ದರೆ ದುಡ್ಡು ಕೊಡಬೇಡ. ಕಂಜಂಕ್ಷನ್ ಎಂದರೆ ಇಂಥ ಕೊಂಡಿ ಪದ. ಕಂಪ್ಯೂಟರಿಗೆ ನಾವು ಬರೆಯುವ ಪ್ರೋಗ್ರಾಂಗಳೂ ಈ ‘ಅಂಡ್’, ‘ಆರ್’, ‘ನಾಟ್’, ‘ಇಫ್’ಗಳ ಮೇಲೆಯೇ ನಿಂತಿವೆ. ಅಲ್ಲಿ ಹೆಸರಿಡುವಾಗಲೂ ನಮಗೆ ವ್ಯಾಕರಣ ಬೇಕು. ವಸ್ತುವಿಗೆ ನೌನ್ ಹೆಸರು, ಕೆಲಸಕ್ಕೆ ವರ್ಬ್ ಹೆಸರು ಇಡುವುದು ರೂಢಿ: ‘ಬಿಲ್’ ಒಂದು ವಸ್ತು, ‘ಕ್ಯಾಲ್ಕುಲೇಟ್ ಬಿಲ್’ ಒಂದು ಕೆಲಸ.

ಮೂರನೆಯದು ಕಾಲಗಳು, ಅಂದರೆ ಟೆನ್ಸ್. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಮ್ಮ ಸೀಮೆಯ ಮಾತಿನ ಬಗ್ಗೆ ಬೆಂಗಳೂರಿನಲ್ಲಿ ಕೆಲವರು ನಗುತ್ತಾರೆ. ಹೆಮ್ಮೆಯಿಂದ ಹೇಳುತ್ತೇನೆ, ಇಂಗ್ಲಿಷಿನ ಟೆನ್ಸ್ ಕಲಿಯಲು ಪುಸ್ತಕದ ಕನ್ನಡಕ್ಕಿಂತ ನಮ್ಮ ಮನೆಯ ಕನ್ನಡವೇ ಹೆಚ್ಚು ಹತ್ತಿರ. ನೋಡಿ.

‘ಅವ ದಿನಾ ಬರ್ತಾನ.’ ಇದು ರೂಢಿಯ ಮಾತು: ‘ಹಿ ಕಮ್ಸ್ ಎವ್ರಿ ಡೇ.’

‘ಅವ ಈಗ ಬರಾಕತ್ತಾನ.’ ಕೆಲವು ಮನೆಗಳಲ್ಲಿ ಬರ್ಲಾಕತ್ತಾನ ಅನ್ನುತ್ತಾರೆ. ನಡೆಯುತ್ತಿರುವ ಕ್ರಿಯೆ: ‘ಹಿ ಈಸ್ ಕಮಿಂಗ್.’

‘ಅವ ಬಂದಾನ.’ ಬಂದದ್ದು ಆಗಿದೆ, ಈಗ ಇಲ್ಲೇ ಇದ್ದಾನೆ: ‘ಹಿ ಹ್ಯಾಸ್ ಕಮ್.’

‘ಅವ ನಿನ್ನೆ ಬಂದ.’ ಮುಗಿದ ಮಾತು: ‘ಹಿ ಕೇಮ್ ಯೆಸ್ಟರ್ಡೇ.’

‘ನಾವು ಹೋಗೋದ್ರಾಗ ಅವ ಬಂದಿದ್ದ.’ ಒಂದು ಹಿಂದಿನ ಕೆಲಸಕ್ಕಿಂತಲೂ ಹಿಂದಿನ ಕೆಲಸ: ‘ಹಿ ಹ್ಯಾಡ್ ಕಮ್.’

ಈ ಐದು ರೂಪಗಳನ್ನು ಮೂರು ವರ್ಷದ ಕೂಸು ನಮ್ಮ ಓಣಿಯಲ್ಲಿ ಒಂದೂ ತಪ್ಪದೆ ಆಡುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರು ಕೇಳಿ ಹತ್ತನೆಯ ತರಗತಿಯಲ್ಲಿ ಬೆವರುವ ಹುಡುಗ, ಮನೆಗೆ ಹೋಗಿ ‘ಯವ್ವಾ, ಮಾಮಾ ಬಂದಾನ’ ಎಂದು ಕೂಗುತ್ತಾನೆ. ಅದೇ ಪ್ರೆಸೆಂಟ್ ಪರ್ಫೆಕ್ಟ್! ಎರಡು ಕಡೆ ಮಾತ್ರ ಎಚ್ಚರ ಬೇಕು. ನಾವು ‘ಮಾಮಾ ನಿನ್ನೆನೇ ಬಂದಾನ’ ಎನ್ನಬಹುದು. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ‘ಯೆಸ್ಟರ್ಡೇ’ ಎಂಬ ಪದ ಬಂತೆಂದರೆ ‘ಹ್ಯಾಸ್’ ಎದ್ದು ಹೋಗಬೇಕು, ‘ಕೇಮ್’ ಎನ್ನಬೇಕು. ಇನ್ನೊಂದು, ನಾವು ‘ನಾಳೆ ಬರ್ತಾನ’ ಎಂದು ಅದೇ ರೂಪವನ್ನು ಮುಂದಿನ ಕಾಲಕ್ಕೂ ಬಳಸುತ್ತೇವೆ. ಅವರು ಅಲ್ಲಿ ಸಾಮಾನ್ಯವಾಗಿ ‘ವಿಲ್’ ಕೇಳುತ್ತಾರೆ.

ಕ್ರಿಯಾಪದದ ಇನ್ನೊಂದು ಗುಣ ಹೇಳಬೇಕು. ಬಂದೆ, ಬಂದಿ, ಬಂದ, ಬಂದಳು, ಬಂತು, ಬಂದರು: ಕನ್ನಡದಲ್ಲಿ ಕ್ರಿಯಾಪದದ ಬಾಲ ನೋಡಿದರೆ ಯಾರು ಬಂದರೆಂದು ಗೊತ್ತಾಗುತ್ತದೆ. ಹಾಗಾಗಿ ‘ನಾನು’, ‘ಅವಳು’ ಎಂಬ ಸರ್ವನಾಮ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಕೇಮ್’. ಅಲ್ಲಿ ಸರ್ವನಾಮ ಬಿಟ್ಟರೆ ವಾಕ್ಯ ಅನಾಥ. ವರ್ತಮಾನದಲ್ಲಿ ಮಾತ್ರ ಒಂದು ಸಣ್ಣ ಬಾಲವಿದೆ, ‘ಸ್’. ‘ದಿ ಬಾಯ್ ಪ್ಲೇಸ್’, ‘ದಿ ಬಾಯ್ಸ್ ಪ್ಲೇ’. ಇರುವುದೊಂದೇ ‘ಸ್’, ಕರ್ತೃವಿನ ಹತ್ತಿರ ಇದ್ದರೆ ಕ್ರಿಯೆಯ ಹತ್ತಿರ ಇಲ್ಲ, ಕ್ರಿಯೆಯ ಹತ್ತಿರ ಬಂದರೆ ಕರ್ತೃವಿನ ಹತ್ತಿರ ಇಲ್ಲ. ‘ಮೆನ್’, ‘ಚಿಲ್ಡ್ರನ್’ನಂಥವು ಈ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಹೊಸದಾಗಿ ಕಲಿಯುವವರಿಗೆ ಇದು ಒಳ್ಳೆಯ ಊರುಗೋಲು.

ಕನ್ನಡದಲ್ಲಿ ‘ನಾನು ವಿದ್ಯಾರ್ಥಿ’ ಎಂದರೆ ವಾಕ್ಯ ಪೂರ್ಣವಾಯಿತು, ಕ್ರಿಯಾಪದವೇ ಬೇಕಿಲ್ಲ. ‘ಮನೆ ದೊಡ್ಡದು’, ಮುಗಿಯಿತು. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ಎದ್ದು ನಿಲ್ಲುವುದಿಲ್ಲ. ಆದ್ದರಿಂದ ‘ಆಮ್’, ‘ಈಸ್’, ‘ಆರ್’ ಎಂಬವು ಬೇಕು. ‘ಐ ಸ್ಟೂಡೆಂಟ್’ ಎಂದು ಮಕ್ಕಳು ಬರೆಯುವುದು ದಡ್ಡತನದಿಂದಲ್ಲ, ಕನ್ನಡದ ನಿಯಮವನ್ನು ಸರಿಯಾಗಿ ಪಾಲಿಸಿದ್ದರಿಂದ. ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮುಂಚೆ ಈ ಮಾತನ್ನು ಒಮ್ಮೆ ಹೇಳಿದರೆ ಮಗು ಮುಂದಿನ ಸಲ ತಾನೇ ತಿದ್ದಿಕೊಳ್ಳುತ್ತದೆ. ಗುರುಗಳು ನನ್ನ ಸಲಿಗೆಯನ್ನು ಕ್ಷಮಿಸಬೇಕು.

ಇದೇ ಜಾತಿಯ ಇನ್ನೊಂದು ತಪ್ಪು ನಮ್ಮ ಬಾಯಿಯ ‘ಮಾಡು’, ‘ಆಗು’ಗಳಿಂದ ಬರುತ್ತದೆ. ನಾವು ಇಂಗ್ಲಿಷ್ ಪದವನ್ನು ಮನೆಗೆ ಕರೆತಂದಾಗ ಮೊದಲು ಅದನ್ನು ನಾಮಪದ ಮಾಡಿಬಿಡುತ್ತೇವೆ, ಆಮೇಲೆ ಬಾಲ ಕಟ್ಟುತ್ತೇವೆ. ಫೋನ್ ಮಾಡು, ಸ್ಟಾರ್ಟ್ ಮಾಡು, ಲೆವೆಲ್ ಮಾಡು, ಪಾಸ್ ಆದ, ಫೇಲ್ ಆದ. ಹೀಗಾಗಿ ಇಂಗ್ಲಿಷಿಗೆ ಮರಳಿ ಹೋಗುವಾಗ ಹುಡುಗರು ‘ಹಿ ಬಿಕೇಮ್ ಫೇಲ್’ ಎಂದು ‘ಆದ’ವನ್ನೂ ಜೊತೆಗೆ ಒಯ್ಯುತ್ತಾರೆ. ಅಲ್ಲಿ ‘ಫೇಲ್’ ತಾನೇ ಕ್ರಿಯಾಪದ. ‘ಹಿ ಫೇಲ್ಡ್’ ಎಂದರೆ ಸಾಕು, ಬಾಲವನ್ನು ಇಲ್ಲೇ ಬಿಟ್ಟು ಹೋಗಬೇಕು.

ಗುಣವಾಚಕ ಸುಲಭ. ‘ಕರಿ ಎತ್ತು’, ‘ಬ್ಲ್ಯಾಕ್ ಆಕ್ಸ್’, ಸಾಲು ಕೂಡ ಒಂದೇ. ಅಡ್ವರ್ಬಿಗೆ ನಮ್ಮ ‘ಆಗಿ’ ಇದ್ದಂತೆ ಅವರಿಗೆ ‘ಲಿ’ ಇದೆ: ನಿಧಾನವಾಗಿ, ‘ಸ್ಲೋಲಿ’. ಒಂದು ಮಾತ್ರ ಜೋಕೆ. ‘ಐ ವರ್ಕ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತೇನೆ. ಅದಕ್ಕೂ ‘ಲಿ’ ಹಚ್ಚಿ ಕೆಲಸದ ಅರ್ಜಿಯಲ್ಲಿ ‘ಐ ಹಾರ್ಡ್ಲಿ ವರ್ಕ್’ ಎಂದು ಬರೆದರೆ ‘ನಾನು ಕೆಲಸ ಮಾಡುವುದೇ ಇಲ್ಲ ಅನ್ನಬಹುದು’ ಎಂದು ಅರ್ಥ. ಯಾವ ಮಾಲೀಕನೂ ಕೆಲಸ ಕೊಡಲಾರ. ಇಂಟರ್ಜೆಕ್ಷನ್ ಬಗ್ಗೆ ಹೇಳುವುದೇನೂ ಇಲ್ಲ. ಅಯ್ಯೋ, ಭಲೇ, ಯಪ್ಪಾ, ಇದರಲ್ಲಿ ನಾವು ಅವರಿಗೆ ಕಲಿಸಬಹುದು.

ಸರ್ವನಾಮದಲ್ಲಿ ನಮ್ಮ ಮಕ್ಕಳಿಗೆ ಒಂದು ಸಂಕೋಚವಿದೆ, ಅದನ್ನು ಹೇಳಲೇಬೇಕು. ಮುಖ್ಯಗುರುಗಳನ್ನು ‘ಹಿ’ ಎನ್ನಲು ನಾಲಿಗೆ ಏಳುವುದಿಲ್ಲ, ಏಕವಚನದಲ್ಲಿ ಕರೆದ ಹಾಗಾಗುತ್ತದೆ. ‘ಯು’ ಎಂದರೆ ‘ನೀನು’ ಎಂದ ಹಾಗೆ. ಇಂಗ್ಲಿಷಿನಲ್ಲಿ ಗೌರವ ಸರ್ವನಾಮದಲ್ಲಿ ಇರುವುದಿಲ್ಲ, ‘ಸರ್’, ‘ಮೇಡಂ’, ‘ಪ್ಲೀಸ್’, ‘ಮೇ ಐ’ ಎಂಬಲ್ಲಿ ಇರುತ್ತದೆ. ‘ಯು’ ಎಂಬುದು ನೀನೂ ಹೌದು, ನೀವೂ ಹೌದು. ಧೈರ್ಯವಾಗಿ ಬಳಸಿ, ಗುರುಗಳು ಬೇಸರ ಮಾಡಿಕೊಳ್ಳುವುದಿಲ್ಲ.

ಬೇರೆ ಭಾಷೆ ಕಲಿಯುವುದು ಈ ಸೀಮೆಗೆ ಹೊಸದಲ್ಲ ಎಂಬುದನ್ನೂ ನೆನಪಿಸುತ್ತೇನೆ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಪಾಠ ಹೇಳಿದ್ದು ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುತ್ತಿದ್ದ ನಮ್ಮ ಮುತ್ತಜ್ಜಂದಿರಲ್ಲಿ ಓದಿದವರು ಉರ್ದು ಕಲಿತು ಅರ್ಜಿ ಬರೆದರು, ಪಹಣಿ ಓದಿದರು. ಜಮೀನು, ಖಾತೆ, ದಫ್ತರ, ತಹಶೀಲು ಎಂಬ ಪದಗಳು ಅವರು ಗೆದ್ದು ತಂದ ಬುತ್ತಿ. ಪಕ್ಕದ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಲಿವರ್‌ಪೂಲಿನಲ್ಲಿ ಹುಟ್ಟಿದ ಮೆಡೋಸ್ ಟೇಲರ್ ಹದಿನೈದನೆಯ ವಯಸ್ಸಿಗೆ ಈ ದೇಶಕ್ಕೆ ಬಂದು, ಇಲ್ಲಿನ ಮಾತುಗಳನ್ನು ಜನರ ನಡುವೆ ಕೆಲಸ ಮಾಡುತ್ತ ಕಲಿತ. ಅವನಿಗೆ ಬೇಕಾಗಿತ್ತು, ಕಲಿತ. ಮತ್ತೆ ಇಲ್ಲೇ ಮುಂದೆ ಕುಳಿತಿರುವ ತಾಂಡಾದ ಮಕ್ಕಳನ್ನು ನೋಡಿ. ಅವರ ಮನೆಮಾತು ಲಂಬಾಣಿ, ಅದು ಕನ್ನಡದ ಬಳಗದ ಭಾಷೆಯೇ ಅಲ್ಲ. ಅವರು ಶಾಲೆಗೆ ಬಂದು ಕನ್ನಡ ಕಲಿತರು, ಈಗ ಇಂಗ್ಲಿಷ್ ಕಲಿಯುತ್ತಿದ್ದಾರೆ. ಆ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳುವ ಮುಂಚೆ ಅವರು ಆಗಲೇ ಒಂದು ಭಾಷೆಯನ್ನು ಗೆದ್ದು ಬಂದವರು ಎಂಬುದು ನಮಗೆ ನೆನಪಿರಬೇಕು.

ಶಾಲೆಗೆ ನಮ್ಮ ಬ್ಯಾಚಿನವರಿಂದ ಒಂದು ಸಣ್ಣ ಕಾಣಿಕೆ ಇದೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಪ್ರತಿ ಮಗುವಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್. ಅದರ ಎಡಪುಟದಲ್ಲಿ ದಿನಕ್ಕೆ ಮೂರೇ ವಾಕ್ಯ ಕನ್ನಡದಲ್ಲಿ ಬರೆಯಬೇಕು, ಪುಸ್ತಕದ ಕನ್ನಡವಲ್ಲ, ಮನೆಯಲ್ಲಿ ಅವತ್ತು ಆಡಿದ ಮಾತು. ‘ಎಮ್ಮಿ ಹಾಲ ಕೊಡವಲ್ದು’ ಎಂದೇ ಬರೆಯಿರಿ. ಬಲಪುಟದಲ್ಲಿ ಅದರ ಇಂಗ್ಲಿಷ್. ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಅದರ ಕೆಲಸ ಏನೆಂದು ಪೆನ್ಸಿಲಿನಲ್ಲಿ ಚಿಕ್ಕದಾಗಿ ಬರೆಯಬೇಕು. ಗುರುಗಳಿಗೆ ತೋರಿಸಲೇಬೇಕೆಂದಿಲ್ಲ, ಅಕ್ಕನಿಗೆ ತೋರಿಸಿದರೂ ಆಯಿತು. ಇಂಗ್ಲಿಷ್ ಗುರುಗಳು ಒಪ್ಪಿ, ಶನಿವಾರದ ಒಂದು ಅವಧಿ ಇದಕ್ಕೆ ಬಿಡುವುದಾಗಿ ಹೇಳಿದ್ದಾರೆ. ಅವರಿಗೆ ನಾವು ಋಣಿ. ನಮ್ಮ ಬ್ಯಾಚಿನ ನಾಲ್ವರು ಸರದಿಯ ಮೇಲೆ ಫೋನಿನಲ್ಲಿ ಮಕ್ಕಳ ಅನುಮಾನ ಕೇಳುತ್ತೇವೆ. ನಂಬರುಗಳನ್ನು ಮುಖ್ಯಗುರುಗಳ ಬಳಿ ಕೊಟ್ಟಿದ್ದೇವೆ.

ಕೊನೆಗೆ, ಬೆಳಿಗ್ಗೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಸಂಜೆ ಎಲ್ಲರೆದುರು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. “‘ಇಟ್ ಈಸ್ ರೈನಿಂಗ್’ ಅಂತಾರಲ್ಲ ಸರ್, ಆ ‘ಇಟ್’ ಯಾರು?” ಇಡೀ ತರಗತಿ ನಕ್ಕಿತು. ನಗುವಂಥ ಪ್ರಶ್ನೆಯಲ್ಲ ಅದು. ನಾವು ‘ಮಳಿ ಬರಾಕತ್ತಾದ’ ಅನ್ನುತ್ತೇವೆ. ಬರುವುದು ಯಾರು? ಮಳೆ. ನಮ್ಮಲ್ಲಿ ಕರ್ತೃ ಕಣ್ಣೆದುರೇ ಇದೆ. ಇಂಗ್ಲಿಷಿನಲ್ಲಿ ‘ರೈನ್’ ಕ್ರಿಯಾಪದದ ಕೆಲಸಕ್ಕೆ ಹೊರಟುಹೋಗಿದೆ, ಕರ್ತೃವಿನ ಜಾಗ ಖಾಲಿ. ಆದರೆ ಆ ಭಾಷೆ ಕರ್ತೃವಿನ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ. ಅದಕ್ಕೆ ‘ಇಟ್’ ಎಂಬ ಪದವನ್ನು ತಂದು ಅಲ್ಲಿ ಕೂರಿಸುತ್ತಾರೆ. ಬಸ್ಸಿನ ಸೀಟಿನ ಮೇಲೆ ನಾವು ಟವೆಲ್ ಹಾಕುತ್ತೇವಲ್ಲ, ಹಾಗೆ. ಅಲ್ಲಿ ಯಾರೂ ಕುಳಿತಿಲ್ಲ, ತಂಗಿ. ನಿನ್ನ ಅನುಮಾನ ಸರಿಯಾಗಿಯೇ ಇತ್ತು. ನಾಳೆ ನಿನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ವಾಕ್ಯವನ್ನೇ ಬರೆ.